ಹದಿನೇಳನೇ ಕಂಬಿ

ನಲವತ್ತೆರಡು ಕಂಬಿ, ಎಂಬತ್ನಾಲ್ಕು ಬೋಲ್ಟು,
ಒಂದು ಪಾನಾ, ಅರ್ಧ ಡಬ್ಬಿ ಗ್ರೀಸು.
ಇಷ್ಟ ಐತಿ ನನ್ನ ತಾಬಾದಾಗ ಸರಕಾರ.

ಘಟಪ್ರಭಾದ ಈ ಗಿಡ್ಡ ಪೂಲಿನ ಮ್ಯಾಲ
ಹೊಳಿ ಬರೂಕಿಂತ ಮೊದಲ ಕಂಬಿ ಬಿಚ್ಚಬೇಕು,
ಹೊಳಿ ಇಳಿದ ಮ್ಯಾಲ ಮತ್ತ ಜೋಡಿಸಬೇಕು.
ಹಾಜರಿ ಪುಸ್ತಕದಾಗ ಇದಕ್ಕ ಹೆಸರಿಲ್ಲ,
'ಇತರೆ ಕೆಲಸ' ಅಂತ ಬರೀತಾರ.

ಹಳೇ ಪೂಲಿಗೆ ಬಿಚ್ಚೂದು ಅನ್ನೂದ ಇರಲಿಲ್ಲ.
ಎದಿಮಟ ಸಿಮೆಂಟಿನ ಕಟ್ಟಿ, ಗಟ್ಟಿ.
ಆ ಶ್ರಾವಣದಾಗ ಗಟ್ಟಿ ಇದ್ದದ್ದ ತಪ್ಪಾತು:
ಕಬ್ಬಿನ ರವದಿ ಬಂತು, ಬುಡಸಮೇತ ಜಾಲಿ ಬಂತು,
ಯಾರದೋ ದನದ ಚಪ್ಪರ ಬಂತು, ಗೂಟ, ಗೂಟಕ್ಕ ಹಗ್ಗ,
ಹಗ್ಗದ ತುದಿಗೆ... ಬ್ಯಾಡ ಬಿಡ್ರಿ.
ಎಲ್ಲಾ ಕೂಡಿ ಕಟ್ಟಿಗೆ ಅಂಟಿ, ಪೂಲು ಹೋಗಿ ಡ್ಯಾಮಾತು.
ತಡದ ನೀರು ಎಡಕ್ಕ ಹೊರಳಿ
ಸಾಲಿ ಹಿಂದಿನ ಡಾಂಬರ ರಸ್ತಿನ
ರೊಟ್ಟಿ ಮಡಚಿದಂಗ ಮಡಚಿ ಒಯ್ತು.
ಪೂಲು ನಿಂತಿತ್ತು. ದಾರಿ ಇರಲಿಲ್ಲ.
ಆರು ತಿಂಗಳ ನಡು ಹೊಳ್ಯಾಗ ಒಂದ ನಿಂತಿತ್ತು,
ಯಾರೂ ಒಳಗ ಕರೀದ ಬೀಗರಂಗ.

ಆಮ್ಯಾಲ ನದಾಫ್ ಮೇಡಮ್ಮಾರು ಬಂದ್ರು,
ಚಪ್ಪಲಿ ಕೈಯಾಗ, ಟೇಪು ಹೆಗಲಿಗೆ.
"ಎತ್ತರದ ಪೂಲಿಗೆ ರೊಕ್ಕಿಲ್ಲ ಲಗಮಣ್ಣ,
ಹದಿನೈದು ವರ್ಷ ತಡದ್ರ ಬಂದೀತು."
ಹೊಳಿ ತಡೀತೈತೇನ್ರಿ ಹದಿನೈದು ವರ್ಷ, ಅಂದೆ.
ನಕ್ಕರು. ನಕ್ಕು ಕೇಳಿದ್ರು,
"ನೀರು ಎಲ್ಲಿಮಟ ಬಂದಿತ್ತು?"

ಆಫೀಸಿನ ನಕಾಶದಾಗ ಒಂದು ಗೆರಿ ಇತ್ತು,
ನಮ್ಮಪ್ಪ ಹುಟ್ಟೂಕಿಂತ ಹಿಂದಿಂದು.
ಆ ಗೆರಿ ಹೇಳೂ ಪ್ರಕಾರ
ಬಾಳವ್ವನ ಮನಿ ಎಂದೂ ಮುಳುಗಂಗಿಲ್ಲ.
ಬಾಳವ್ವ ಕ್ಯಾಲೆಂಡರ ಸರಿಸಿ ತೋರಿಸಿದಳು:
ಗ್ವಾಡಿಗೆಲ್ಲಾ ಸುಣ್ಣ, ಅದೊಂದ ಗೇಣು ಬಿಟ್ಟಾಳ.
ಒಣಗಿದ ರಾಡಿಯ ಗೆರಿ,
ಮೊಮ್ಮಗಳ ನೆತ್ತಿಗಿಂತ ನಾಕು ಬಟ್ಟು ಮ್ಯಾಲ.
"ಒರಸಿದ್ರ ಯಾರೂ ನಂಬಂಗಿಲ್ಲವ್ವಾ.
ನಾನೂ ನಂಬಂಗಿಲ್ಲ."
ಟೇಪಿನ ಒಂದು ತುದಿ ಮೇಡಮ್ಮಾರು, ಇನ್ನೊಂದು ನಾನು.

ಫೈಲು ಗೋಕಾಕದಿಂದ ಬೆಳಗಾವಿಗೆ ಹೋಗಿ ತಿರುಗಿ ಬಂತು,
ಕೆಂಪ ಶಾಯಿ: 'ಆಧಾರ?'
ಅವರು ಬರದ್ರು: 'ಶ್ರೀಮತಿ ಬಾಳವ್ವ ಕಲ್ಲಪ್ಪ ಮಗದುಮ್,
ಇವರ ಅಡುಗೆಮನೆಯ ಮೂಡಣ ಗೋಡೆ.'

ಅದಕ್ಕ ಹಿಂಗೈತಿ ಇದು, ಮುಳುಗಾಕ ಕಲತ ಪೂಲು.
ಕಣ್ಣು ಅಗಲ, ಮೈ ನುಣುಪು,
ಹೊಳಿಗೆ ಹಿಡದು ಜಗ್ಗಾಕ ಏನೂ ಸಿಗಬಾರದು.
ರಸ್ತಿ ಬದಿಗೆ ಕಲ್ಲು ಹಾಸ್ಯಾರ,
ಹತ್ತಿ ಬಂದ ನೀರು ಹಂಗ ಇಳಕೊಂಡು ಹೋಗಲಿ ಅಂತ.

ಹ್ವಾದ ಸೋಮವಾರ ರಾತ್ರಿ ಹನ್ನೊಂದಕ್ಕ ಫೋನು:
ಹಿಡಕಲ್ಲಿಂದ ಬಿಟ್ಟಾರ.
ನಮ್ಮಲ್ಲಿ ಒಂದ ಹನಿ ಇಲ್ಲ. ಆಕಾಶದ ತುಂಬ ಚಿಕ್ಕಿ.
ಇದನ್ನ ಮಂದಿಗೆ ಹೇಳೂದ ಕಷ್ಟ ನೋಡ್ರಿ,
ಚಿಕ್ಕಿ ಕಾಣೂ ರಾತ್ರಿ ಹೊಳಿ ಬರತೈತಿ ಅಂತ.

ಹಾಲಿನ ಟೆಂಪೋ ರಾಯಗೊಂಡ ಬಂದು ನಿಂತ,
"ಒಂದ ಸಲ ದಾಟತೀನೋ, ಒಂದ ಸಲ."
ಅವನ ದೀಪದ ಬೆಳಕಿನಾಗ ಕಂಬಿ ಬಿಚ್ಚಿದೆ.
ಬೈಕೋತ ನಿಂತಿದ್ದ. ದೀಪ ಆರಸಲಿಲ್ಲ.
ಮೂರು ತಾಸು, ನಲವತ್ತೊಂದು.
ಹದಿನೇಳನೇದು ಜಂಗು ಹಿಡಿದಿತ್ತು,
ಹಿಂದ ಹಾಕಿ ಕಡೀಕ ಬಂದೆ.
ಗ್ರೀಸು ಸಾಲಂಗಿಲ್ಲ ಅಂತ ಯುಗಾದಿಗಿಂತ ಮೊದಲ ಬರಕೊಟ್ಟಿದ್ದೆ.
ಪಾನಾ ಜಾರಿತು, ಮತ್ತ ಹಿಡದೆ.
ಪಾದ ತಣ್ಣಗಾದ್ವು. ಆಮ್ಯಾಲ ಮಣಕಾಲು.
"ಬಿಡೋ ಹುಚ್ಚಾ, ಬಿಡೋ!"
ಬಿಟ್ಟೆ.

ಮೂರನೇ ದಿನ ಪೂಲು ಎದ್ದಿತು,
ಎಮ್ಮಿ ಹೊಂಡದಿಂದ ಎದ್ದಂಗ, ಮೈಯೆಲ್ಲಾ ರಾಡಿ.
ಎರಡೂ ಕಡೆ ದಾರಿ ಇತ್ತು.
ಮೊದಲ ಅದನ್ನ ನೋಡಿದೆ.

ನಲವತ್ತೊಂದು ಕಂಬಿ ಸಾಲಿ ಪಡಸಾಲಿಂದ ಹೊತ್ತು ತಂದೀನಿ.
ಹದಿನೇಳರ ಜಾಗದಾಗ ಹಗ್ಗ ಕಟ್ಟಿ
ಕೆಂಪ ಅರಿವಿ ಜೋತುಬಿಟ್ಟೀನಿ.
ಅರ್ಜಿ ಹೋಗೇತಿ: ಕಂಬಿ ಒಂದು, ಬೋಲ್ಟು ಎರಡು,
ಗ್ರೀಸು, ಪೂರ್ತಿ ಡಬ್ಬಿ.

ರಾಯಗೊಂಡ ಆ ಅರಿವಿ ಹತ್ರ ಬಂದಾಗೊಮ್ಮೆ
ಹಾರ್ನು ಹೊಡದು ದಾಟತಾನ.
ಯಾಕಂತ ನಾ ಕೇಳಿಲ್ಲ.