ಲೆಕ್ಕದ ಸಾಮಾನು

ಈ ಮನಿ ನಮ್ದಲ್ಲ.
ಮಂಚ ಎರಡು, ಮೇಜು ಒಂದು, ಕುರ್ಚಿ ನಾಕು,
ಒಂದೊಂದರ ಬೆನ್ನಿಗೂ ಬಿಳೀ ಬಣ್ಣದಾಗ ನಂಬರು.
ಗೋಡಿಗೆ ಮೊಳಿ ಹೊಡಿಬ್ಯಾಡ್ರಿ
ಅಂದಿದ್ದ ಸ್ಟೋರ್ ಬಾಬು, ಕೀಲಿ ಕೊಡೋ ದಿನ.
ಹೊಡದಿಲ್ಲ.
ಅದಕ್ಕ ಡಾಕ್ಟರಮ್ಮನ ಚೀಟಿ
ಅಕ್ಕಿ ಡಬ್ಬಿಗೆ ಅಂಟಿಸೀನಿ,
ಡಬ್ಬಿ ನಂದು, ತವರಿಂದ ಬಂದದ್ದು.

ಖಾಲಿ ಹೊಟ್ಟಿಗೆ ಇನ್ನೂರ ಹನ್ನೆರಡು.
ಕ್ಯಾಂಪಿಗೆ ಬಂದಿದ್ದ ಆಕಿಗೆ ಕನ್ನಡ ಬರ್ತಿರಲಿಲ್ಲ.
ಕಾಗದದ ಮ್ಯಾಲ ಅನ್ನದ ತಾಟಿನ ಚಿತ್ರ ತಗದು
ಅಡ್ಡ ಗೀಟು ಎಳದ್ಲು.
ರೊಟ್ಟಿ ತಗದ್ಲು. ಗೀಟು.
ಬಾಳಿಹಣ್ಣು ತಗಿಯೋಕಿನ್ನ ಮೊದಲ
"ಸಮಝ್ ಗಯೀ" ಅಂದೆ.

ರೇಷನ್ನಿಗೆ ಏನ್ ಗೊತ್ತು?
ತಿಂಗಳಿಗೊಮ್ಮೆ ಲಾರಿ ಬರ್ತೈತಿ,
ಅಕ್ಕಿ, ಗೋದಿಹಿಟ್ಟು, ಸಕ್ಕರಿ, ತಲಾ ಇಷ್ಟಿಷ್ಟು;
ಯಾರ ರಕ್ತಾನೂ ಕೇಳಿ ಸರ್ಕಾರ ತೂಗಂಗಿಲ್ಲ.
ಮ್ಯಾಲಿನ ಮನಿ ಜೋನಾಲಿ ಅಸ್ಸಾಮದಾಕಿ,
ಅನ್ನಕ್ಕ ಅನ್ನಾನ ನೆಂಚಿಗೊಂಡು ಉಣ್ಣಾಕಿ.
ಆಕಿಗೆ ನನ್ನ ಅಕ್ಕಿ, ನನಗ ಆಕಿ ಮೊಟ್ಟಿ.
ಸಂಜಿ ಏಳಕ್ಕ, ಕರೆಂಟು ಹೋದಾಗ, ಮೆಟ್ಟಲ ಮ್ಯಾಗ,
ಕಳ್ಳಮಾಲು ದಾಟಿಸಿದಂಗ.
ನಿಮ್ಮ ಕಡಿ ಅಕ್ಕಿ ಬೆಳಿತಾರೇನು ಅಂತ ಒಮ್ಮೆ ಕೇಳಿದ್ಲು.
ನಗು ಬಂತು.
ಸಿರುಗುಪ್ಪದ ಕಾಲುವಿ ಕೆಳಗ
ಮೊಣಕಾಲುಮಟ ಕೆಸರಾಗ ನಾಟಿ ಹಚ್ಚಿದ ಕಾಲು ಇವು, ಅಂದೆ,
ಕನ್ನಡದಾಗ ಅಂದೆ.
ಆಕಿ ತಲಿ ಆಡಿಸಿದ್ಲು.

ಪುಂಡಿಪಲ್ಯ ಚಮಚದಾಗ ತಿನ್ನೋದು ಅಂದ್ರ
ಒಂದ ಕಾಲಿಗೆ ಚಪ್ಲಿ ಹಾಕ್ಕೊಂಡು ಬಜಾರಕ್ಕ ಹೋದಂಗ.
ಹೂಕೋಸು ತುರದು, ಉಗಿಯಾಗ ಬೇಯ್ಸಿ,
ತಾಟಿಗೆ ಹಾಕಿ, ಅನ್ನ ಅಂತ ಕರದೆ.
ಅದು ಓ ಅನ್ನಲಿಲ್ಲ.

ಅವ್ವ ಬಂದ್ಲು, ಅರಿವಿ ಗಂಟಿನಾಗ ಹೊಸಾ ಸೋನಾಮಸೂರಿ;
ಗೇಟಿನ ಪಹರೆಯವನು ಬಿಚ್ಚಿ ನೋಡಿ ಮತ್ತ ಕಟ್ಟಿ ಕೊಟ್ಟಿದ್ದ.
ಅಡಗಿಮನ್ಯಾಗ ನಿಂತು ನನ್ನ ತಾಟು ನೋಡಿದ್ಲು:
ಮೊಟ್ಟಿ ಎರಡು, ಹೀರಿಕಾಯಿ, ಒಂದಿಷ್ಟು ಗುರೆಳ್ಳು ಚಟ್ನಿ.
"ಅನ್ನ ಬಿಡೋವಂಥಾ ತಪ್ಪು ಏನ್ ಮಾಡಿದೆವ್ವಾ?"
ರಕ್ತದಾಗ ಸಕ್ಕರಿ, ಅಂದೆ.
"ಹಂಗಾರ ಸಕ್ಕರಿ ಬಿಡು."
ಮುಂದ ಹೇಳೋ ಭಾಷೆ ನನ್ನ ಹತ್ರ ಇರಲಿಲ್ಲ,
ಗೀಟು ಎಳಿಯೋ ಪೆನ್ನೂ.

ಗಾದಿಲಿಂಗ, ನಮ್ಮ ಹವಾಲ್ದಾರ,
ಕೊನೀ ಪೋಸ್ಟಿಂಗಿಗೆ ಬಳ್ಳಾರಿಗೆ ಬಂದಾವ,
ದಿನಾ ಎನ್‌ಸಿಸಿ ಹುಡುಗರಿಗೆ ಎಡಾ ಬಲಾ ಕಲಿಸಾವ,
"ನಾನೂ ಬಿಟ್ಟೆ, ನಿನ್ನ ಜೋಡಿ" ಅಂದ.
ಇದೂ ಒಂದು ಗಡಿ ಅಂತ ಭಾಷಣ ಸುರು ಹಚ್ಚಿದ.
ಗಡಿಯಾಗಾದ್ರ ಆಚಿ ಕಡಿ ಬ್ಯಾರೆ ಯಾರರ ಇರ್ತಾರ,
ಇಲ್ಲಿ ಎರಡೂ ಕಡಿ ನಾನ ನಿಂತೀನಲ್ಲ, ಅಂದೆ.
ಸುಮ್ಮನಾದ.
ಮೊಟ್ಟಿ ಸುಲದು ಕೊಟ್ಟ.

ಹನ್ನೊಂದು ದಿನ ಆತು.
ಇವತ್ತು ಯೂನಿಫಾರ್ಮ್ ನೆನಸೋ ಮುಂದ
ಎಡಗಡಿ ಕಿಸೆ ತಿರುವಿ ಜಾಡಿಸಿದೆ:
ಒಂದು ಮಂಡಾಳು ಉದುರಿತು.
ಅರಿಶಿಣ ಹತ್ತಿದ್ದು, ಒಗ್ಗರಣಿ ವಾಸನಿ ಇನ್ನೂ ಬಿಡದ್ದು.
ಕೌಲ್ ಬಜಾರದ ಬಂಡಿ, ಎಣ್ಣಿಯಾಗ ತೇಲೋ ಮೆಣಸಿನಕಾಯಿ,
ಸ್ಕೂಟರಿಗೆ ಒರಗಿ ಅವಸರದಾಗ ಆಡೋ ಅವನ ದವಡಿ,
ಎಲ್ಲಾ ಕಂಡ್ವು.
ಸಿಟ್ಟು ಬರಬೇಕಿತ್ತು.

ಕೋಟೆಗುಡ್ಡದ ಮ್ಯಾಲ ಬಿಸಲು ಕೆಂಪಗಾಗಿತ್ತು,
ಹಗ್ಗದ ಮ್ಯಾಲಿನ ಅರಿವಿಗೆ ಅದಿರಿನ ಧೂಳು ಕುಂದ್ರಾಕ ಹತ್ತಿತ್ತು.
ಅಂಗೈಯಾಗ ಇಟ್ಟು ತಿರುವಿ ತಿರುವಿ ನೋಡಿದೆ.
ಅದಕ್ಕ ನಂಬರಿರಲಿಲ್ಲ.

"ಕಿಸೆ ನೋಡಿದೇನು?"
ಒಳಗಿಂದ ಅವನ ದನಿ, ಸಣ್ಣಗ.

ಒಂದ ಕಾಳಿಗೆ ಬಾಯಿ ತುಂಬಿತ್ತು,
ಮಾತಾಡಲಿಲ್ಲ.