ಹೆಬ್ಬೆಟ್ಟು

ಹತ್ತನೇ ಬಿ ಪಾಲಕರ ಗ್ರೂಪಿಗೆ
ಅಡ್ಮಿನ್ ನಾನೇ.
ನಲವತ್ಮೂರು ನಂಬರು. ಮೂರು ಯಾವಾಗಲೂ ಸ್ವಿಚ್ಚಾಫು,
ಒಂದು ಯಾರೋ ಗ್ಯಾರೇಜಿನವನದು, ತಪ್ಪಿ ಸೇರಿದ್ದು,
ವರ್ಷವಾದರೂ ಆತ ಬಿಟ್ಟು ಹೋಗಿಲ್ಲ.

ಬೆಳಕಿನ ವಕ್ರೀಭವನದ ಪಾಠ ಹಾಕುತ್ತೇನೆ:
ಲೋಟದ ನೀರಲ್ಲಿ ಪೆನ್ಸಿಲು
ಮುರಿದಂತೆ ಕಾಣುವುದೇಕೆ?
ಅರೆ ನಿಮಿಷ. ಕೆಳಗೊಂದು ಹಳದಿ ಹೆಬ್ಬೆಟ್ಟು.
ನಾಳೆ ಶಾಲೆಗೆ ರಜೆ: ಹೆಬ್ಬೆಟ್ಟು.
ಪ್ರಿಪರೇಟರಿಯಲ್ಲಿ ಫೇಲಾದವರ ಪಟ್ಟಿ:
ಅದಕ್ಕೂ.

ಡ್ರಿಲ್ ಮೇಷ್ಟ್ರ ತಾಯಿ ತೀರಿಕೊಂಡ ಬೆಳಿಗ್ಗೆ
ಸಾಲಾಗಿ ಮುಗಿದ ಕೈಗಳ ನಡುವೆ
ಅದೇ ಒಂಟಿ ಬೆರಳು ನಿಗುರಿ ನಿಂತಿತು.
'ಯಾರ್ರೀ ಇದು?' ವಿನೋಬನಗರದ ಎಂಜಿನಿಯರು ಸಿಡಿದರು.
'ತೆಗೀರಿ ಮಿಸ್ ಇಂಥವರನ್ನ.'

ಹೆಸರಿಲ್ಲ, ಮುಖವಿಲ್ಲದ ನಂಬರು.
ಹುಡುಕಿಕೊಂಡು ಹೋದರೆ
ಹೊಳೆ ಬಸ್‌ಸ್ಟಾಪಿನ ಹತ್ತಿರ ಒಂದು ಮೆಸ್ಸಿನ ಹಿತ್ತಿಲು,
ಎಣ್ಣೆ ಮೆತ್ತಿದ ಬಾಣಲೆಗಳ ಮಧ್ಯೆ
ಸಿಂಚನಳ ಅಮ್ಮ, ಹಾಲಮ್ಮ.
ತೊಳೆದ ಹಾಲಿನ ಕವರಿನೊಳಗೆ ಫೋನು
ಕಿಟಕಿಯ ಸರಳಿಗೆ ನೇತಾಡುತ್ತಿತ್ತು.

'ನೋಡ್ದೆ ಅಂತ ಒತ್ತಿದ್ದು ಮಿಸ್.
ಬಂದು ಮುಟ್ತು ಅಂತ ನಿಮಗೆ ತಿಳೀಬೇಕಲ್ಲ.
ಬ್ಯಾಂಕಲ್ಲಿ, ಸಂಘದಲ್ಲಿ, ಎಲ್ಲಾ ಕಡೆ
ಇದೇ ತಾನೆ ನನ್ನ ಸಹಿ?
ಇಲ್ಲಿ ಓದಿದೋರೂ ಇದನ್ನೇ ಒತ್ತೋದು ಕಂಡು
ಒಂಥರಾ ಧೈರ್ಯ ಬಂತು.'

ರೇಷನ್ ಅಂಗಡಿಯ ಯಂತ್ರಕ್ಕೆ ಮಾತ್ರ
ಈ ಬೆರಳು ಒಗ್ಗುವುದಿಲ್ಲವಂತೆ. ತೋರಿಸಿದಳು.
ಗೆರೆಯೆಲ್ಲ ಸೋಪಿನ ಪುಡಿಗೆ ಸವೆದು
ತುಂಗೆಯ ಕಲ್ಲಿನಷ್ಟು ನುಣುಪು.

ಬುದ್ಧಿ ಹೇಳಲು ಬಂದವಳು ನಾನು. ಹೇಳಿಯೇಬಿಟ್ಟೆ:
ಸತ್ತರೆ ಇದು, ಕೈಮುಗಿದದ್ದು.
ಹುಟ್ಟಿದ ಹಬ್ಬಕ್ಕೆ ಈ ಕೇಕು.
ಸೆರಗಿಗೆ ಕೈ ಒರೆಸಿ ಒಂದೊಂದನ್ನೂ ಮುಟ್ಟಿ ನೋಡಿದಳು.
'ಸಿಂಚನ ದಿನಾ ಓದಿ ಹೇಳ್ತಾಳೆ ಮಿಸ್,
ಎಲ್ಲಾ ಚೆನ್ನಾಗೈತೆ ಅಂತ ಬರ್ದಿದಾರೆ ಅಂತ.'
ಬಾಣಲೆ ಎತ್ತಿಕೊಂಡಳು. ತಲೆ ಎತ್ತಲಿಲ್ಲ.
'ಫೇಲಾದ್ರೆ ಯಾವುದು ಒತ್ಬೇಕು?'

ನನ್ನ ಫೋನಿನಲ್ಲಿ ಅಷ್ಟೊಂದು ಮುಖಗಳಿವೆ.
ಒಂದೂ ಸಿಗಲಿಲ್ಲ.

ಅಂದಿನಿಂದ ಪಾಠ ಬರೆದು ಹಾಕುವುದಿಲ್ಲ,
ದನಿಯಲ್ಲಿ ಹೇಳುತ್ತೇನೆ.
ಎಂಜಿನಿಯರರಿಗೆ ಸಿಟ್ಟು:
ಆಫೀಸಲ್ಲಿ ಕೇಳೋದು ಹೇಗೆ, ಟೈಪ್ ಮಾಡಿ.
ಸರಿ, ಕೆಳಗೆ ಅದನ್ನೂ ಮಾಡುತ್ತೇನೆ.

ಮೊನ್ನೆ ರಾತ್ರಿ ಹನ್ನೊಂದಕ್ಕೆ
ಆ ನಂಬರಿನಿಂದ ಹದಿನಾಲ್ಕು ಸೆಕೆಂಡಿನ ಸದ್ದು.
ಮೊದಲು ನಲ್ಲಿ. ಸ್ಟೀಲು ಸ್ಟೀಲಿಗೆ ತಾಗಿದ್ದು. ಆಮೇಲೆ,
'ಮಿಸ್, ಪೆನ್ಸಿಲು ಮುರಿದಿರಲ್ಲ ಅಲ್ವಾ?
ಬಕೇಟಿಗೆ ಸೌಟು ಹಾಕಿ ನೋಡ್ದೆ.
ಮುರಿದಂಗೇ ಕಾಣ್ತದೆ.
ಎತ್ತಿದ್ರೆ ನೆಟ್ಟಗೈತೆ.'

ಗ್ರೂಪಿಡೀ ಮೌನ.
ನಾನು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ
ಕೆಳಗೊಂದು ಹೆಬ್ಬೆಟ್ಟು ಮೂಡಿತ್ತು.

ಆ ಗ್ಯಾರೇಜಿನವನದು.