ಹಿತ್ತಾಳೆ ಬಿಲ್ಲೆ

ಹೇಳಿದ್ದು ಡಾಕ್ಟರು. ಶ್ವಾಸಕೋಶದ ಫೋಟೋ ದೀಪಕ್ಕೆ ಹಿಡಿದು,
"ಆಲೊಯ್ಸ್, ಮಾತ್ರೆ ಕೊಡುವುದಿಷ್ಟೇ. ಇನ್ನು ಯೋಗ ಮಾಡಿ ನೋಡಿ."
ನಕ್ಕೆ. ನಗು ಕೆಮ್ಮಾಯಿತು.
ಇಪ್ಪತ್ತೊಂಬತ್ತು ವರ್ಷ ಜಾಬ್ಜೆಯ ನೆಲದಡಿ
ಗೂನು ಬೆನ್ನಲ್ಲೇ ನಡೆದವನು ನಾನು;
ಬಗ್ಗುವುದನ್ನು ಇನ್ನು ಯಾರಿಂದ ಕಲಿಯಲಿ?

ಮಂಗಳವಾರ, ಸಂಜೆ ಐದು. ಚರ್ಚಿನ ಹಿಂದಿನ ಕೊಠಡಿ.
ಗೋಡೆಯಲ್ಲಿ ಸಂತ ಬಾರ್ಬರಾ, ಗಣಿಯವರನ್ನು ಕಾಯುವವಳು,
ಕೈಯಲ್ಲಿ ಪುಟ್ಟ ಗೋಪುರ ಹಿಡಿದು
ಹನ್ನೊಂದು ಹೆಂಗಸರನ್ನೂ ಒಬ್ಬ ಪೋಸ್ಟ್‌ಮ್ಯಾನನ್ನೂ ನೋಡುತ್ತಿದ್ದಳು.
ಬಾಗಿಲಲ್ಲಿ ನನ್ನ ಕೈ ತಾನಾಗಿ ಜೇಬಿಗಿಳಿಯಿತು,
ಬಿಲ್ಲೆ ಹುಡುಕಲು.
ಗಣಿಗಿಳಿಯುವ ಮುಂಚೆ ಮೊಳೆಗೆ ತೂಗಿಬಿಡುತ್ತಿದ್ದ ಹಿತ್ತಾಳೆ ಬಿಲ್ಲೆ,
ನಂಬರು ನಾನೂರ ಹದಿನೇಳು.
ಸಂಜೆ ಬಿಲ್ಲೆ ಮೊಳೆಯಲ್ಲೇ ಉಳಿದಿದ್ದರೆ
ಮನುಷ್ಯ ಕೆಳಗುಳಿದ ಎಂದು ಲೆಕ್ಕ.

ಹೇಳಿಕೊಡುವವಳು ಕೊರ್ನೇಲಿಯಾ, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿ.
ನಮ್ಮ ಎವಾಲ್ಡ್‌ನ ಮೊಮ್ಮಗಳು. ಹುಬ್ಬು ಅವನದೇ.
"ಉಸಿರು ಹೊಟ್ಟೆಯ ತನಕ ಬರಲಿ, ತಾತ."
ಉಸಿರೆಂದರೆ ನನಗೆ ಜಿಪುಣರ ವ್ಯವಹಾರ:
ಧೂಳಿರುವಲ್ಲಿ ಚೂರೇ ತೆಗೆದುಕೋ, ಬೇಗ ವಾಪಸು ಕೊಡು.
ಈಗ ಯಾರೋ ಕಣಜದ ಬಾಗಿಲು ತೆಗೆದಿಟ್ಟು
ಬೇಕಾದಷ್ಟು ತುಂಬಿಕೋ ಎಂದರೆ
ಕೈ ನಡುಗುವುದಿಲ್ಲವೆ?

ಎರಡನೆಯ ವಾರ ವೃಕ್ಷಾಸನ. ಒಂಟಿ ಕಾಲು.
ಮೊಣಕಾಲು ಕಿರ್ರೆಂದಿತು. ಪಕ್ಕದ ಗೆರ್ತ್ರೂದ ತಿರುಗಿ ನೋಡಿದಳು.
ನಾನು ಹೆದರಲಿಲ್ಲ.
ಸುರಂಗದ ಚಾವಣಿಗೆ ಪೈನ್ ಮರದ ಊರುಗಂಬ ಕೊಡುತ್ತಿದ್ದ ಕಾಲದಲ್ಲಿ
ಹಿರಿಯರು ಹೇಳುತ್ತಿದ್ದರು: ನರಳುವ ಮರವನ್ನು ನಂಬು,
ಭಾರ ತಾಳೆನೆಂದು ಮೊದಲೇ ಹೇಳುತ್ತದೆ.
ಹೇಳದೆ ನಿಲ್ಲುವ ಕಬ್ಬಿಣವೇ ಕೊಲ್ಲುವುದು.
ಎಷ್ಟೋ ವರ್ಷ ನಾನು ಕಬ್ಬಿಣವಾಗಿದ್ದೆ,
ಮನೆಯಲ್ಲೂ.

ಕೊನೆಗೆ ದೀಪ ಆರಿಸಿದಳು.
"ಅಂಗಾತ ಮಲಗಿ. ಇದಕ್ಕೆ ಹೆಣದ ಆಸನ ಅಂತ ಹೆಸರು."
ಎಲ್ಲರೂ ಕಿಸಕ್ಕೆಂದರು.
ನಾನೆದ್ದು ಷೂ ಕೈಯಲ್ಲಿ ಹಿಡಿದು ಹೊರಟುಬಿಟ್ಟೆ,
ಬರಿಗಾಲಲ್ಲಿ, ಹಿಮದ ಮೇಲೆ.

ಅವಳಿಗೆ ಗೊತ್ತಿಲ್ಲ. ಅವಳಿನ್ನೂ ಹುಟ್ಟಿರಲಿಲ್ಲ.
ಏಳನೆಯ ಅಂತಸ್ತು. ಹದಿನಾಲ್ಕು ಗಂಟೆ. ಅಂಗಾತ.
ಎದೆಯಿಂದ ಒಂದು ಗೇಣು ಮೇಲೆ ಚಾವಣಿ.
ಎವಾಲ್ಡ್ ನನ್ನ ಎಡಕ್ಕೆ. ಮಾತಾಡುತ್ತಿದ್ದ, ತನ್ನ ಪಾರಿವಾಳಗಳ ಬಗ್ಗೆ,
ಬೂದುಹೆಣ್ಣು ಮೊಟ್ಟೆಯಿಟ್ಟ ಬಗ್ಗೆ.
ಆಮೇಲೆ ಮಾತಾಡಲಿಲ್ಲ.

ಮೂರು ಮಂಗಳವಾರ ಆ ಕಡೆ ಹಾಯಲಿಲ್ಲ.
ಪಾರಿವಾಳದ ಗೂಡು ತೊಳೆದೆ, ತೊಳೆದದ್ದನ್ನೇ ತೊಳೆದೆ.
ನಾಲ್ಕನೆಯದಕ್ಕೆ ಹೋಗಿ ಅಂದೆ: "ಕಿಟಕಿ ಪಕ್ಕ ಮಲಗುತ್ತೇನೆ,
ಕಣ್ಣು ತೆರೆದೇ."
ಅವಳು ಏನೂ ಕೇಳಲಿಲ್ಲ. ಪರದೆ ಸರಿಸಿದಳು.
ತನ್ನ ಚಾಪೆ ಎಳೆತಂದು
ನನ್ನ ಎಡಕ್ಕೆ ಹಾಸಿದಳು.

ಚಾವಣಿಯಲ್ಲೊಂದು ತೇವದ ಕಲೆ, ನಾಯಿಮರಿಯ ಆಕಾರದ್ದು,
ಮೇಲೆ, ಎಷ್ಟೋ ಮೇಲೆ.
ನಡುವೆ ಇದ್ದದ್ದೆಲ್ಲ ಗಾಳಿ. ಯಾರೂ ಅಳೆದು ಕೊಟ್ಟದ್ದಲ್ಲ.
ಎಡಗಡೆ ಅವಳ ಉಸಿರು
ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು.
ಎಣಿಸುತ್ತ ಹೋದೆ. ಅರವತ್ತರ ಹತ್ತಿರ ಲೆಕ್ಕ ತಪ್ಪಿತು,
ತಪ್ಪಿದರೂ ಏನೂ ಆಗಲಿಲ್ಲ.

ಗುಣ ಕಂಡಿತೇ ಎಂದು ಊರವರು ಕೇಳುತ್ತಾರೆ.
ಏನು ಹೇಳಲಿ? ಕೆಮ್ಮು ಹಾಗೇ ಇದೆ.
ರೆಪ್ಪೆಯಂಚಿನ ಕಲ್ಲಿದ್ದಲು, ತೊಳೆದರೂ ಹೋಗದ ಕಾಡಿಗೆ, ಹಾಗೇ ಇದೆ.
ಷೂ ದಾರ ಮಾತ್ರ ಈಗ ನಾನೇ ಕಟ್ಟಿಕೊಳ್ಳುತ್ತೇನೆ.
ಮತ್ತೆ, ಮೊನ್ನೆ ರಾತ್ರಿ ಎಲ್ಫ್ರಿದಾಗೆ ಎಚ್ಚರವಾಗಿ ನೋಡಿದರೆ
ಗಂಡ ಅಂಗಾತ ಮಲಗಿ ನಿದ್ದೆಹೋಗಿದ್ದಾನೆ, ಕೈ ಚೆಲ್ಲಿ.
ಇಷ್ಟು ವರ್ಷದಲ್ಲಿ ಕಾಣದ ನೋಟ.
ಹೆದರಿ, ಮೂಗಿನ ಹತ್ತಿರ ಬೆರಳು ಹಿಡಿದಳಂತೆ.
ಬೆಚ್ಚಗಿತ್ತಂತೆ.